ನೇಗಿಲಿಗೆ ಎಂಥ ಸೂರು?

ಬಿಸಿಲು, ಮಳೆ, ಕೆಸರಿನಲ್ಲಿ ಬಾಳಿದ ನೇಗಿಲನ್ನು ಯಾವ ಸೂರಿನಡಿ ಇಡಬೇಕು? ಕೃಷಿ ಚರಿತ್ರೆಯ ವಸ್ತುಸಂಗ್ರಹಾಲಯ ಕಟ್ಟಹೊರಟವರನ್ನೆಲ್ಲ ಈ ಪ್ರಶ್ನೆ ಕಾಡಿದೆ.

ಬುಡಾಪೆಸ್ಟಿನವರು ಅದಕ್ಕೆ ಕೋಟೆಯನ್ನೇ ಕೊಟ್ಟರು. 1896ರಲ್ಲಿ ಹಂಗೇರಿಯ ಸಹಸ್ರಮಾನೋತ್ಸವಕ್ಕಾಗಿ ವಾಸ್ತುಶಿಲ್ಪಿ ಇಗ್ನಾಟ್ಸ್ ಅಲ್ಪಾರ್, ದೇಶದ ನಾನಾ ಕಾಲದ ಕಟ್ಟಡ ಶೈಲಿಗಳನ್ನು ಒಟ್ಟುಗೂಡಿಸಿ ಮರ, ರಟ್ಟುಗಳಲ್ಲಿ ತಾತ್ಕಾಲಿಕ ಕಟ್ಟಡವೊಂದನ್ನು ಎಬ್ಬಿಸಿದರು. ಜನ ಅದನ್ನು ಎಷ್ಟು ಮೆಚ್ಚಿದರೆಂದರೆ, 1904ರಿಂದ 1908ರ ನಡುವೆ ಅದನ್ನೇ ಕಲ್ಲು, ಇಟ್ಟಿಗೆಗಳಲ್ಲಿ ಮತ್ತೆ ಕಟ್ಟಲಾಯಿತು. ಹಂಗೇರಿಯ ಕೃಷಿ ಸಂಗ್ರಹಾಲಯ ಇಂದಿಗೂ ಅಲ್ಲಿದೆ. ಕೈರೋದಲ್ಲಿಯೂ ಹೀಗೆಯೇ: 1938ರಲ್ಲಿ ತೆರೆದ ಕೃಷಿ ಸಂಗ್ರಹಾಲಯ ನೆಲೆ ನಿಂತದ್ದು ರಾಜಕುಮಾರಿ ಫಾತ್ಮಾ ಅವರ ಅರಮನೆಯಲ್ಲಿ. ಉಳುವವನ ಉಪಕರಣಕ್ಕೆ ಅರಮನೆಯ ಗೌರವ ಸಿಕ್ಕಿತು, ನಿಜ. ಆದರೆ ಗೋಪುರ, ಕಮಾನುಗಳು ಕಂದಾಯ ಪಡೆದವರ ಕಥೆ ಹೇಳುತ್ತವೆ. ಕಂದಾಯ ಕಟ್ಟಿದವನ ಮನೆ ಹೇಗಿತ್ತೆಂಬುದು ಅವುಗಳಿಂದ ತಿಳಿಯುವುದಿಲ್ಲ. ಈ ಕೊರತೆ ನನ್ನ ಮಟ್ಟಿಗೆ ಸಣ್ಣದಲ್ಲ.

ಸ್ವೀಡನ್ನಿನ ಆರ್ತುರ್ ಹಾಜೆಲಿಯಸ್ ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿದ್ದರು. ಹಳ್ಳಿಯ ಮರದ ಮನೆಗಳನ್ನು ಬಿಚ್ಚಿ ತಂದು, ಸ್ಟಾಕ್‌ಹೋಮಿನ ಬಯಲಿನಲ್ಲಿ ಮರುಜೋಡಿಸಿ, 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದರು. ಕಟ್ಟಡವೇ ಪ್ರದರ್ಶನದ ವಸ್ತುವಾಯಿತು. 1944ರಲ್ಲಿ ಅಮೆರಿಕದ ಕೂಪರ್ಸ್‌ಟೌನಿನಲ್ಲಿ ರೈತರ ಸಂಗ್ರಹಾಲಯ ಶುರುವಾದದ್ದೂ ಹಾಲಿನ ಹಸುಗಳಿಗೆಂದು ಕಟ್ಟಿದ್ದ ಕಲ್ಲಿನ ಕೊಟ್ಟಿಗೆಯಲ್ಲಿ.

ಕೊಟ್ಟಿಗೆ ಅರಮನೆಗಿಂತ ಪ್ರಾಮಾಣಿಕ. ಆದರೆ ಅದರ ಗಾಳಿ ಬೆಳಕು ದನಗಳಿಗೆ ಒಗ್ಗುವಂಥದ್ದು, ಹಳೆಯ ಮರಕ್ಕಲ್ಲ. ತೇವ ಏರಿದರೆ ನೊಗ ಉಬ್ಬುತ್ತದೆ, ಇಳಿದರೆ ಬಿರುಕು ಬಿಡುತ್ತದೆ. ಕಬ್ಬಿಣದ ಕುಳಕ್ಕೆ ತುಕ್ಕಿನ ಭಯ. ಆದ್ದರಿಂದ ಹೊಸದಾಗಿ ಕಟ್ಟುವವರು ದಪ್ಪ ಗೋಡೆ, ಸೋಸಿದ ಬೆಳಕು, ಏರಿಳಿತವಿಲ್ಲದ ತೇವಾಂಶವನ್ನು ಮೊದಲು ಯೋಚಿಸಬೇಕು. ಒಕ್ಕಣೆ ಯಂತ್ರ ಟನ್‌ಗಟ್ಟಲೆ ತೂಗುತ್ತದೆ. ಅದು ಒಳಬರುವ ಬಾಗಿಲು, ಅದನ್ನು ಹೊರುವ ನೆಲ, ಇವೆರಡರ ಅಳತೆ ಸಿಕ್ಕ ಮೇಲೆಯೇ ಮುಂಬಾಗಿಲಿನ ಅಂದದ ಮಾತು. ಹಲವು ನಕ್ಷೆಗಳಲ್ಲಿ ಈ ಕ್ರಮ ತಲೆಕೆಳಗಾಗುವುದು ನೋವಿನ ಸಂಗತಿ.

ಹಿಂಬಾಗಿಲ ಬಳಿ ಒಂದು ಪ್ರತ್ಯೇಕ ಕೋಣೆಯೂ ಬೇಕು. ಬುಟ್ಟಿ, ಮೊರ, ಒಣ ತೆನೆಗಳ ಜೊತೆ ಹುಳುಗಳೂ ಬರುತ್ತವೆ. ಹೊಸ ವಸ್ತುವನ್ನು ಅಲ್ಲಿ ತಡೆದು, ಪರೀಕ್ಷಿಸಿ, ಅಗತ್ಯಬಿದ್ದರೆ ಕೊರೆಯುವ ಶೀತದಲ್ಲಿ ಹಲವು ದಿನ ಇರಿಸಿ, ಹುಳು ಸತ್ತಿವೆಯೆಂದು ಖಾತ್ರಿಯಾದ ಮೇಲೆ ಒಳಗೆ ಬಿಡುತ್ತಾರೆ.