ಸುರಂಗದ ಬಾಯಿಯಿಂದ ಜಗಲಿಯ ಕುಂಡಕ್ಕೆ

ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳಿವೆ. ಅಂಥ ಸುರಂಗದ ಬಾಯಿಯಲ್ಲಿ, ಸುತ್ತಲಿನ ಗುಡ್ಡವೆಲ್ಲ ಒಣಗಿರುವ ಕಡುಬೇಸಗೆಯಲ್ಲೂ ಜರೀಗಿಡಗಳು ಹಸುರಾಗಿರುವುದನ್ನು ಕಾಣಬಹುದು. ಅಲ್ಲಿಗೆ ನೇರ ಬಿಸಿಲು ತಾಗುವುದಿಲ್ಲ, ಗಾಳಿಯಲ್ಲಿ ತೇವ ಆರುವುದಿಲ್ಲ, ಕಲ್ಲಿನಿಂದ ಜಿನುಗಿದ ನೀರು ಬೇರಿನ ಬಳಿ ನಿಲ್ಲದೆ ಇಳಿದುಹೋಗುತ್ತದೆ. ಮನೆಯೊಳಗೆ ಜರೀಗಿಡವನ್ನು ಸಾಕಬೇಕೆನ್ನುವವರು ಈ ಮೂರನ್ನೂ ಒಟ್ಟಿಗೆ ಒದಗಿಸಬೇಕು. ನೀರೊಂದನ್ನೇ ಧಾರಾಳವಾಗಿ ಹೊಯ್ದರೆ ಗಿಡ ಉಳಿಯುವುದಿಲ್ಲ.

ಗಾಳಿಯ ತೇವಕ್ಕೆ ಎಷ್ಟು ಬೆಲೆಯಿದೆ ಎಂಬುದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅವರಿಗೆ 1829ರ ಸುಮಾರಿಗೆ ಆಕಸ್ಮಿಕವಾಗಿ ತಿಳಿಯಿತು. ಹೊಗೆ ತುಂಬಿದ ಆ ನಗರದಲ್ಲಿ ಅವರು ನೆಟ್ಟ ಜರೀಗಿಡಗಳು ಸಾಯುತ್ತಿದ್ದವು. ಆದರೆ ಪತಂಗದ ಕೋಶವನ್ನು ಇರಿಸಿ ಮುಚ್ಚಿದ ಗಾಜಿನ ಬಾಟಲಿಯ ಹಸಿಮಣ್ಣಿನಲ್ಲಿ ತಾನಾಗಿಯೇ ಮೊಳೆತ ಜರೀಗಿಡ ಚೆನ್ನಾಗಿ ಬೆಳೆಯಿತು. ಮಣ್ಣಿನಿಂದ ಎದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದೇ ಇದಕ್ಕೆ ಕಾರಣ.

ನಮ್ಮ ಊರಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಇಡೀ ಮನೆಯೇ ಅಂಥ ಬಾಟಲಿಯಂತಾಗುವುದರಿಂದ, ಆಟಿಯಲ್ಲಿ (ಜುಲೈ–ಆಗಸ್ಟ್‌ನ ತುಳು ತಿಂಗಳಲ್ಲಿ) ಬೇರು ಕೊಳೆಯದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತೋರಿದ ಮೇಲೆ ಮಾತ್ರ ನೀರು ಕೊಟ್ಟರೆ ಸಾಕು. ಬೇಸಗೆಯಲ್ಲಿ ಮಣ್ಣು ಪೂರ್ತಿ ಒಣಗಲು ಬಿಡಬಾರದು. ಎಲೆಗಳಿಗೆ ನೀರು ಸಿಂಪಡಿಸಿದರೆ ಸಿಗುವ ತೇವ ಹೆಚ್ಚು ಹೊತ್ತು ನಿಲ್ಲದು. ಜಲ್ಲಿಕಲ್ಲು ಮತ್ತು ನೀರು ತುಂಬಿದ ತಟ್ಟೆಯ ಮೇಲೆ, ತಳ ನೀರಿಗೆ ತಾಗದಂತೆ, ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಡುವುದು ಮೇಲು. ಪಡುವಣ ಕಿಟಕಿಯ ಮಧ್ಯಾಹ್ನದ ಬಿಸಿಲು, ಫ್ಯಾನಿನ ನೇರ ಗಾಳಿ, ಎಸಿ ಇವು ಮೂರೂ ಆಗದು. ಕುಂಡಕ್ಕೆ ತೆಂಗಿನ ನಾರಿನ ಹುಡಿ, ತರಗೆಲೆಯ ಗೊಬ್ಬರ, ಮರಳು ಮತ್ತು ಸ್ವಲ್ಪ ಇದ್ದಿಲು ಹೊಂದುತ್ತವೆ. ನಾರಿನ ಹುಡಿಯಲ್ಲಿ ಉಪ್ಪಿರುವ ಸಾಧ್ಯತೆ ಇರುವುದರಿಂದ ಅದನ್ನು ಎರಡು ಮೂರು ಬಾರಿ ತೊಳೆಯಲೇಬೇಕು. ಹೊಸಬರಿಗೆ ಬೋಸ್ಟನ್ ಫರ್ನ್ ಒಳ್ಳೆಯ ಆರಂಭ. ಕಪ್ಪು ದಂಟಿನ ತೆಳು ಎಲೆಗಳ ಅಡಿಯಾಂಟಮ್ ಎಷ್ಟು ಚೆಲುವೋ ಅಷ್ಟೇ ನಾಜೂಕು. ಒಂದು ದಿನ ಮರೆತರೂ ಮುದುಡಿಬಿಡುತ್ತದೆ. ಆದರೂ ಅದನ್ನು ಕೂಡಲೇ ಎಸೆಯಬಾರದು. ಒಣಗಿದ ಎಲೆಗಳನ್ನು ಬುಡಕ್ಕೆ ಕತ್ತರಿಸಿ ಮಣ್ಣನ್ನು ತೇವವಾಗಿಟ್ಟರೆ ಅನೇಕ ವೇಳೆ ಹೊಸ ಸುರುಳಿ ಏಳುತ್ತದೆ.

ಎಲೆಯ ಅಡಿಯಲ್ಲಿ ಸಾಲಾಗಿ ಕಾಣುವ ಕಂದು ಚುಕ್ಕಿಗಳನ್ನು ಕೀಟವೆಂದು ಭಾವಿಸಿ ಔಷಧ ಹೊಡೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವು ಬೀಜಾಣುಗಳ ಗೊಂಚಲು. ಹೂವೂ ಬೀಜವೂ ಇಲ್ಲದ ಈ ಗಿಡದ ಬೀಜಾಣುವಿನಿಂದ ಮೊದಲು ಹುಟ್ಟುವುದು ಜರೀಗಿಡವಲ್ಲ, ಕೆಲವೇ ಮಿಲಿಮೀಟರ್ ಅಗಲದ, ಹೃದಯದಾಕಾರದ ಹಸುರು ಹಾಳೆ. ಅದರ ಅಡಿಭಾಗದ ನೀರಿನ ಪದರದಲ್ಲಿ ಗಂಡು ಕಣಗಳು ಈಜಿಹೋಗಿ ಅಂಡವನ್ನು ಸೇರಿದ ಬಳಿಕವೇ ನಾವು ಜರೀಗಿಡವೆಂದು ಗುರುತಿಸುವ ಗಿಡ ಹುಟ್ಟುತ್ತದೆ. ಈ ಎರಡು ತಲೆಮಾರುಗಳ ಸರದಿಯನ್ನು 1851ರಲ್ಲಿ ಸ್ಪಷ್ಟಪಡಿಸಿದವರು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್.

ಇದನ್ನು ಮನೆಯಲ್ಲೇ ನೋಡಬಹುದು. ಚುಕ್ಕಿ ಬಲಿತ ಎಲೆಯೊಂದನ್ನು ಕಾಗದದ ಮೇಲೆ ಒಂದೆರಡು ದಿನ ಇಟ್ಟರೆ ಕಂದು ಹುಡಿ ಉದುರುತ್ತದೆ. ಅದನ್ನು ಕುದಿನೀರು ಹೊಯ್ದು ಆರಿಸಿದ ಮುರಕಲ್ಲಿನ ತುಂಡಿನ ಮೇಲೆ ಉದುರಿಸಿ, ತಟ್ಟೆಯ ನೀರಿನಲ್ಲಿಟ್ಟು, ಗಾಜಿನ ಭರಣಿಯನ್ನು ಕವುಚಿ ನೆರಳಿನಲ್ಲಿಡಬೇಕು. ಕೆಲವು ವಾರಗಳಲ್ಲಿ ಕಲ್ಲು ಹಸುರಾಗುತ್ತದೆ. ಆ ಹಾಳೆಗಳು ಬೆಳೆದ ಮೇಲೆ ನೀರು ಚಿಮುಕಿಸಿ ಕಾದರೆ, ತಿಂಗಳುಗಳ ಬಳಿಕ ಒಂದೊಂದರ ಅಂಚಿನಿಂದ ಪುಟ್ಟ ಎಲೆಯೊಂದು ಮೇಲೇಳುತ್ತದೆ.