ರ‍್ಯಾಮ್ ಈಗಲೇ ಕೊಳ್ಳುವುದೋ, ಕಾಯುವುದೋ?

ಕಡಿಮೆ ಬಜೆಟ್‌ನಲ್ಲಿ ಪಿಸಿ ಜೋಡಿಸಲು ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಅವಸರ ಬೇಡ, ಸ್ವಲ್ಪ ತಡೆದರೆ ಬೆಲೆ ಇಳಿಯುತ್ತದೆ. ಪ್ರೊಸೆಸರ್ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ. ಹೊಸ ಪೀಳಿಗೆ ಬಂದೊಡನೆ ಹಳೆಯದು ಅಗ್ಗವಾಗುತ್ತದೆ. ರ‍್ಯಾಮ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ಇನ್ನಷ್ಟು ಇಳಿಯಲಿ’ ಎಂದು ಕೂತವರು ಆ ವರ್ಷ ಮುಗಿಯುವಷ್ಟರಲ್ಲಿ ರ‍್ಯಾಮ್‌ನ ಈಗಿನ ಪೀಳಿಗೆಯಾದ ಡಿಡಿಆರ್5ರ ಅದೇ ಕಿಟ್‌ಗೆ ದುಪ್ಪಟ್ಟಿಗಿಂತ ಹೆಚ್ಚು ತೆರಬೇಕಾಯಿತು.

ಹೀಗೇಕೆ? ರ‍್ಯಾಮ್ ಎಂಬ ಕಂಪ್ಯೂಟರ್ ಮೆಮೊರಿಯ ಒಂದು ಕೋಶವೆಂದರೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1966ರಲ್ಲಿ ಹೊಳೆದ ಈ ವಿನ್ಯಾಸಕ್ಕೆ 1968ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಮೂಲ ಅದೇ. ಯಾರು ಮಾಡಿದರೂ ಒಂದೇ ಮಾನದಂಡದ ಸರಕು ಆದ್ದರಿಂದ ಪೈಪೋಟಿಯೆಲ್ಲ ಬೆಲೆಯಲ್ಲೇ. ಕಾರ್ಖಾನೆ ಕಟ್ಟಲು ಎರಡು ಮೂರು ವರ್ಷ ಬೇಕು. ಕಟ್ಟಿದ ಮೇಲೆ ನಿಲ್ಲಿಸಿದರೂ ನಷ್ಟ, ನಡೆಸಿದರೂ ನಷ್ಟ ಎನ್ನುವ ಸ್ಥಿತಿ ಬರಬಹುದು. ಬೆಲೆ ಬಂದಾಗ ಎಲ್ಲರೂ ಒಟ್ಟಿಗೆ ಬಿತ್ತಿ, ಕೊಯ್ಲಿನ ಹೊತ್ತಿಗೆ ಕೇಳುವವರಿಲ್ಲದೆ ಕೂರುವ ರೈತರ ಪಾಡೇ ಇದು.

ಮೊದಲ ದೊಡ್ಡ ಪೆಟ್ಟು ತಿಂದದ್ದು ಇಂಟೆಲ್. 1970ರಲ್ಲಿ 1103 ಚಿಪ್ ಮೂಲಕ ಈ ಮಾರುಕಟ್ಟೆಯನ್ನು ಬೆಳೆಸಿದ ಕಂಪನಿಯೇ ಜಪಾನಿನ ಅಗ್ಗದ, ಗಟ್ಟಿ ಚಿಪ್‌ಗಳ ಮುಂದೆ ನಿಲ್ಲಲಾಗದೆ 1985ರಲ್ಲಿ ಮೆಮೊರಿ ವ್ಯವಹಾರ ಕೈಬಿಟ್ಟಿತು. ಮರುವರ್ಷ ಅಮೆರಿಕ ಮತ್ತು ಜಪಾನ್ ನಡುವೆ, ಚಿಪ್‌ಗಳನ್ನು ತೀರಾ ಅಗ್ಗಕ್ಕೆ ಮಾರುವುದನ್ನು ತಡೆಯುವ ಸೆಮಿಕಂಡಕ್ಟರ್ ಒಪ್ಪಂದವಾಯಿತು. 1988ರ ಹೊತ್ತಿಗೆ ಕೊರತೆ, ದುಬಾರಿ.

1993ರ ಜುಲೈ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಜಪಾನಿನ ನಿಹಾಮಾದಲ್ಲಿ ಸುಮಿಟೊಮೊ ಕೆಮಿಕಲ್‌ನ ಘಟಕವೊಂದು ಸ್ಫೋಟಿಸಿತು. ಅಲ್ಲಿ ಚಿಪ್ ತಯಾರಾಗುತ್ತಿರಲಿಲ್ಲ. ಚಿಪ್‌ಗೆ ಕಪ್ಪು ಹೊದಿಕೆ ಹಾಕುವ ಎಪಾಕ್ಸಿ ರಾಳ ತಯಾರಾಗುತ್ತಿತ್ತು, ಅದೂ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು. ಒಂದೇ ಒಂದು ಮೆಮೊರಿ ಕಾರ್ಖಾನೆ ಸುಡದಿದ್ದರೂ ಬೆಲೆ ಚಿಮ್ಮಿತು. 1999ರ ತೈವಾನ್ ಭೂಕಂಪ, 2013ರಲ್ಲಿ ಚೀನಾದ ವೂಶಿಯಲ್ಲಿ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬಿದ್ದ ಬೆಂಕಿ, ಇವೂ ಹಾಗೇ ಪೇಟೆಯನ್ನು ಬೆಚ್ಚಿಬೀಳಿಸಿದವು.

ಎಲ್ಲವನ್ನೂ ಬೆಂಕಿ, ಭೂಕಂಪದ ತಲೆಗೆ ಕಟ್ಟುವಂತಿಲ್ಲ. 1999ರಿಂದ 2002ರವರೆಗೆ ತಯಾರಕರು ಒಳಗೊಳಗೇ ಕೂಡಿಕೊಂಡು ಬೆಲೆ ನಿಗದಿ ಮಾಡಿದ್ದರೆಂದು ಅಮೆರಿಕದ ನ್ಯಾಯ ಇಲಾಖೆ ಕ್ರಮ ಜರುಗಿಸಿತು. 2005ರಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಆಮೇಲೆ ಬೆಲೆ ಕುಸಿತವೇ ಹಲವರನ್ನು ನುಂಗಿತು. 2009ರಲ್ಲಿ ಜರ್ಮನಿಯ ಕಿಮೊಂಡಾ, 2012ರಲ್ಲಿ ಜಪಾನಿನ ಎಲ್ಪಿಡಾ ದಿವಾಳಿಯೆದ್ದವು. ಉಳಿದ ದೊಡ್ಡವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರಷ್ಟೇ ಇರುವ ಕಡೆ ಉತ್ಪಾದನೆಗೆ ಕತ್ತರಿ ಹಾಕಿದರೆ ಬಿಸಿ ಬೇಗ ತಟ್ಟುತ್ತದೆ. ಬೆಲೆ ನೆಲಕಚ್ಚಿದ್ದ 2023ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಉತ್ಪಾದನೆ ತಗ್ಗಿಸುವುದಾಗಿ ಹೇಳಿತು. ರ‍್ಯಾಮ್ ಕೊಳ್ಳಲು ಅದು ಸುಸಮಯವಾಗಿತ್ತು.

2025ರಲ್ಲಿ ಬಂದದ್ದು ಬೇರೆಯದೇ ಹೊಡೆತ. ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿಯೂ ಅದೇ ವೇಫರ್‌ಗಳಿಂದ (ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆಗಳಿಂದ) ಬರಬೇಕು, ಮತ್ತು ಒಂದು ಗಿಗಾಬೈಟ್‌ಗೆ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್ ತಿನ್ನುತ್ತದೆ. ಲಾಭವೂ ಅಲ್ಲೇ. ಡಿಸೆಂಬರ್‌ನಲ್ಲಿ ಮೈಕ್ರಾನ್ ‘ಕ್ರೂಷಿಯಲ್’ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವ ತನ್ನ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಹಿಂದಿನ ಪೀಳಿಗೆಯದು, ಅಗ್ಗವಿರಬಹುದು ಎಂದು ಡಿಡಿಆರ್4 ಕಡೆ ನೋಡಿದವರಿಗೂ ನಿರಾಸೆ: ತಯಾರಕರು ಅದನ್ನು ನಿಲ್ಲಿಸುತ್ತಿದ್ದಂತೆ ವರ್ಷದ ಮಧ್ಯದಲ್ಲಿ ಅದರ ಚಿಪ್‌ಗಳು ಸಗಟು ಪೇಟೆಯಲ್ಲಿ ಡಿಡಿಆರ್5ಗಿಂತಲೂ ದುಬಾರಿಯಾದವು.

ಇಷ್ಟು ಚರಿತ್ರೆಯಿಂದ ಕೊಳ್ಳುವವರ ಕೈಗೆ ಸಿಗುವ ಸೂಚನೆ ಎರಡು. ತಯಾರಕರು ನಷ್ಟದ ಲೆಕ್ಕ ಒಪ್ಪಿಸುತ್ತ ಉತ್ಪಾದನೆ ತಗ್ಗಿಸುವ ಮಾತಾಡುತ್ತಿದ್ದರೆ ತಳ ಹತ್ತಿರವಿದೆ. ಬೇಕಾದ್ದಕ್ಕಿಂತ ಒಂದು ಹಂತ ಹೆಚ್ಚೇ ಕೊಳ್ಳಿ. ದಾಖಲೆ ಲಾಭದ ಸುದ್ದಿ, ಹೊಸ ಕಾರ್ಖಾನೆಯ ಸುದ್ದಿ ಒಟ್ಟಿಗೆ ಬರುತ್ತಿದ್ದರೆ ಬೆಲೆ ಇಳಿಯಲು ವರ್ಷಗಳೇ ಬೇಕು. ಒಂದೆರಡು ತಿಂಗಳು ಕಾದು ಪ್ರಯೋಜನವಿಲ್ಲ. ಸಗಟು ಬೆಲೆ ಏರಿದ್ದು ಅಂಗಡಿಗೆ ತಲುಪಲು ಕೆಲವು ವಾರ ಬೇಕು, ಹಳೆಯ ದಾಸ್ತಾನು ಇರುವ ತನಕ. ಬಜೆಟ್‌ನವರಿಗೆ ಇರುವುದು ಆ ಕಿಂಡಿಯೊಂದೇ.

ಬೆಲೆ ಏರುವ ಕಾಲದಲ್ಲಿ ಮದರ್‌ಬೋರ್ಡ್ ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಉಳಿದ ಭಾಗಗಳಿಗಿಂತ ಮುಂಚೆ ರ‍್ಯಾಮ್ ಕೊಳ್ಳುವುದೇ ಸರಿ. ಡಿಡಿಆರ್4, ಡಿಡಿಆರ್5 ಸ್ಟಿಕ್‌ಗಳ ಅಂಚಿನ ಕಚ್ಚುಗಳ ಜಾಗ ಬೇರೆಬೇರೆ, ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಆದರೆ ಪೆಟ್ಟಿಗೆಯಲ್ಲೇ ಇಟ್ಟರೆ ವಾಪಸಾತಿ ಅವಧಿ ಮುಗಿದುಹೋಗುತ್ತದೆ. ಯಾರದ್ದಾದರೂ ಯಂತ್ರದಲ್ಲಿ ಒಂದು ರಾತ್ರಿ ಮೆಮೊರಿಯ ದೋಷ ಹುಡುಕುವ ತಂತ್ರಾಂಶ ಮೆಮ್‌ಟೆಸ್ಟ್ ಓಡಿಸಿಬಿಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸದ್ಯಕ್ಕೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡಬಹುದು, ವೇಗ ಕೊಂಚ ತಗ್ಗುತ್ತದೆ ಅಷ್ಟೇ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ನಂಬಿದವರು ಹಾಗೆ ಮಾಡಬಾರದು. ಅದು ಬದುಕುವುದೇ ರ‍್ಯಾಮ್‌ನ ಬ್ಯಾಂಡ್‌ವಿಡ್ತ್ (ಒಮ್ಮೆಗೆ ಸಾಗುವ ಮಾಹಿತಿಯ ಪ್ರಮಾಣ) ಮೇಲೆ. ಎರಡು ಸ್ಟಿಕ್ ಇದ್ದರೆ ಅದು ಹೆಚ್ಚುತ್ತದೆ, ಆದ್ದರಿಂದ 8 ಜಿಬಿಯ ಎರಡು ಸ್ಟಿಕ್ ಬೇಕೇ ಬೇಕು.

ಸೆಕೆಂಡ್ ಹ್ಯಾಂಡ್ ಡಿಡಿಆರ್4 ಕೂಡ ಒಳ್ಳೆಯ ದಾರಿಯೇ, ಲೇಬಲ್ ಓದಲು ಬಂದರೆ. ಸ್ಟಿಕ್ ಮೇಲಿನ ‘ಪಿಸಿ4-2400ಟಿ’ಯಂಥ ಗುರುತಾದ ಮೇಲೆ ಬರುವ ಗುಂಪಿನ ಮೊದಲ ಅಕ್ಷರ ‘ಯು’ ಇದ್ದರೆ ಡೆಸ್ಕ್‌ಟಾಪ್‌ಗೆ ಆಗುತ್ತದೆ. ‘ಆರ್’ ಇದ್ದರೆ ಅದು ಸರ್ವರ್‌ನಿಂದ ಕಿತ್ತದ್ದು. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸಾಮಾನ್ಯ ಬೋರ್ಡ್‌ನಲ್ಲಿ ಪರದೆ ಬೆಳಗುವುದೇ ಇಲ್ಲ.