ವಿಂಚೆಸ್ಟರ್ ಮನೆಯಲ್ಲಿ ದೆವ್ವ ಇದೆಯಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ವಿಂಚೆಸ್ಟರ್ ಮಿಸ್ಟರಿ ಹೌಸ್ ತೋರಿಸುತ್ತೇನೆ ಅಂತಿದ್ದಾಳೆ. ದೆವ್ವಕ್ಕೆ ಹೆದರಿ ಕಟ್ಟಿಸಿದ ಮನೆಯಂತೆ, ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗಿ. 160 ಕೋಣೆಗಳ ಅಂಥ ವಿಕ್ಟೋರಿಯನ್ ಮನೆ ಇನ್ನೆಲ್ಲೂ ಸಿಗಲ್ಲ. ಟಿಕೆಟ್ ದುಬಾರಿ, ಮೊದಲೇ ಬುಕ್ ಮಾಡಿ. ಕೇಳಿದ್ದಕ್ಕೆ ಉತ್ತರ ಮುಗಿಯಿತು.

ಇನ್ನು ದೆವ್ವ. ಊರಿಂದ ಅಪ್ಪ ಅಮ್ಮಂದಿರು ಬಂದಿಳಿಯುವ ಕಾಲಕ್ಕೆ ಪ್ರತಿ ವರ್ಷ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಕಥೆ ನಿಮಗೂ ಗೊತ್ತಲ್ವಾ? ಸಾರಾ ವಿಂಚೆಸ್ಟರ್ ಬಂದೂಕು ಕಂಪನಿಯ ಮನೆತನದ ಸೊಸೆ. ಗಂಡ 1881ರಲ್ಲಿ ಕ್ಷಯದಿಂದ ತೀರಿಕೊಂಡ. ಬಂದೂಕಿಗೆ ಬಲಿಯಾದವರ ಆತ್ಮಗಳು ಕಾಡುತ್ತವೆ, ಮನೆ ಕಟ್ಟಿಸುವುದು ನಿಲ್ಲಿಸಿದರೆ ಸಾಯುತ್ತೀಯ ಅಂತ ಯಾರೋ ಹೇಳಿದರಂತೆ. ಸರಿ, 38 ವರ್ಷ ಹಗಲೂ ರಾತ್ರಿ ಸುತ್ತಿಗೆ ಸದ್ದು ನಿಲ್ಲಲೇ ಇಲ್ಲವಂತೆ.

ಎಲ್ಲವೂ 'ಅಂತೆ'. ಆಕೆಯೇ ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ಕೆಲಸದವರನ್ನು ಕಳಿಸಿ ಸುಮ್ನೆ ಸುಧಾರಿಸಿಕೊಂಡ ಮಾತು ಆಕೆಯ ಪತ್ರಗಳಲ್ಲೇ ಇದೆ. 1906ರ ಭೂಕಂಪದಲ್ಲಿ ಏಳು ಅಂತಸ್ತಿನ ಗೋಪುರ ಬಿತ್ತು. ಆಮೇಲೆ ಆಕೆ ಬಿದ್ದದ್ದನ್ನು ತೆಗೆಸಿದಳು, ತಿರುಗಿ ಕಟ್ಟಿಸಲಿಲ್ಲ. ಹೆಚ್ಚಾಗಿ ಆಥರ್ಟನ್‌ನ ಇನ್ನೊಂದು ಮನೆಯಲ್ಲೇ ಇದ್ದಳು. ಕಟ್ಟದಿದ್ದರೆ ಸಾವು ಅಂತ ನಂಬಿದವಳು ಮಾಡುವ ಕೆಲಸವಾ ಇದು? ತೆರೆದರೆ ಬಯಲಿಗೆ ಬೀಳಿಸುವ ಬಾಗಿಲು, ಎಲ್ಲಿಗೂ ಹೋಗದ ಮೆಟ್ಟಿಲು ತೋರಿಸುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಆಗ ಉಳಿದ ಮುರುಕು. ಊರಿನ ಗುಸುಗುಸು ಆಕೆ ಬದುಕಿದ್ದಾಗಲೇ ಪತ್ರಿಕೆಗಳಲ್ಲಿತ್ತು, ನಿಜ. ಆಕೆ ತೀರಿಕೊಂಡದ್ದು 1922ರಲ್ಲಿ. ಮರುವರ್ಷವೇ ಮನೆಗೆ ಟಿಕೆಟ್ ಇಟ್ಟರು. ಗುತ್ತಿಗೆ ಹಿಡಿದವನು ಅದಕ್ಕೆ ಮೊದಲು ರೋಲರ್ ಕೋಸ್ಟರ್ ನಡೆಸುತ್ತಿದ್ದ. ಒಗ್ಗರಣೆ ಎಲ್ಲಿ ಬಿತ್ತು ಅಂತ ಬಿಡಿಸಿ ಹೇಳಬೇಕಾ?

ನೀವು ಕೇಳದ ಒಂದು ವಿಷಯ. ಒಂದು ಕಡೆ 44 ಮೆಟ್ಟಿಲು ಹತ್ತಿ, ಏಳು ಸಲ ತಿರುಗಿದರೂ ಮೇಲೇರುವುದು ಬರೀ ಒಂಬತ್ತು ಅಡಿ. ಒಂದೊಂದು ಮೆಟ್ಟಿಲೂ ಎರಡು ಚಿಲ್ಲರೆ ಇಂಚು ಎತ್ತರ, ಅಷ್ಟೇ. ದೆವ್ವಕ್ಕೆ ದಾರಿ ತಪ್ಪಿಸಲು ಅನ್ನುವವರಿದ್ದಾರೆ. ಅಯ್ಯೋ, ಆಕೆಗೆ ಸಂಧಿವಾತ! ಮಂಡಿನೋವಿನ ನಮ್ಮಮ್ಮ ನೋಡಿದ ತಕ್ಷಣ ಹೇಳಿದರು, "ಇಂಥದ್ದು ನಮ್ಮನೇಲೂ ಇರಬೇಕಿತ್ತು ಕಣೋ." ಕುಂಡಗಳಿಡುವ ಕೋಣೆಯ ನೆಲವನ್ನೂ ನೋಡಿ. ಹಲಗೆ ಎತ್ತಿದರೆ ಕೆಳಗೆ ಸತುವಿನ ತಗಡು. ಗಿಡಕ್ಕೆ ಹಾಕಿ ಮಿಕ್ಕ ನೀರು ಅದರ ಮೇಲೆ ಹರಿದು ಕೆಳಗಿನ ತೋಟಕ್ಕೆ ಹೋಗುತ್ತಿತ್ತು. ಲೆಕ್ಕ ಗೊತ್ತಿದ್ದ ಹೆಂಗಸು.

ಉಳಿದ ಮೆಟ್ಟಿಲುಗಳು ಮಾಮೂಲಿನವೇ, ನಡೆಯುವುದೂ ಜಾಸ್ತಿ. ಒಳ್ಳೆ ಶೂ ಹಾಕಿಕೊಂಡು ಹೋಗಿ. ಆಕೆ ಮೂರು ಲಿಫ್ಟ್ ಹಾಕಿಸಿಕೊಂಡಿದ್ದಳು. ನಮಗೆ ಅವು ನೋಡುವುದಕ್ಕೆ ಮಾತ್ರ.